ಇದು ಲಂಗವೋ ತಟ್ಟೆಯೋ? ಬ್ಯಾಲೆಯ ಟುಟು ಗಿಡ್ಡವಾದ ಕಥೆ, ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಇದ್ದೇವೆ. ಮಗಳಿಗೆ 12 ವರ್ಷ. ಆರು ವರ್ಷದಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಈ ಸಲದ ವಾರ್ಷಿಕ ಪ್ರದರ್ಶನದಲ್ಲಿ 'ಸ್ಲೀಪಿಂಗ್ ಬ್ಯೂಟಿ' ಬ್ಯಾಲೆಯ ಹಾಡುಹಕ್ಕಿ ಕಿನ್ನರಿಯ ಪುಟ್ಟ ನೃತ್ಯವನ್ನು ಅವಳೊಬ್ಬಳೇ ಮಾಡಬೇಕು. ಟೀಚರ್ ಗಿಡ್ಡ ಟುಟು, ಅಂದರೆ ಬ್ಯಾಲೆ ನರ್ತಕಿಯರು ಹಾಕುವ ಪದರ ಪದರದ ನೆಟ್ ಲಂಗ, ಬೇಕು ಅಂದರು. ಆನ್‌ಲೈನಿನಲ್ಲಿ ಕಡಿಮೆ ಬೆಲೆಯದ್ದೊಂದು ತರಿಸಿದೆ. ಶಿವಮೊಗ್ಗದಿಂದ ಬಂದಿರುವ ಅತ್ತೆ ಅದನ್ನು ನೋಡಿ, "ಇದು ಲಂಗವೋ ತಟ್ಟೆಯೋ? ಬೆಳೆಯೋ ಹುಡುಗಿಗೆ ಇದನ್ನ ಹಾಕಿ ಅಷ್ಟು ಜನರ ಮುಂದೆ ನಿಲ್ಲಿಸ್ತೀರಾ?" ಎಂದು ಬೇಸರ ಮಾಡಿಕೊಂಡಿದ್ದಾರೆ. ನನ್ನ ಯಜಮಾನರು, ಮೊದಲು ಟುಟು ಉದ್ದ ಇತ್ತು, ದುಡ್ಡಿರುವ ಗಂಡಸರಿಗೆ ಕಾಲು ಕಾಣಲಿ ಎಂದೇ ಅದನ್ನು ಕತ್ತರಿಸಿದರು ಎಂದು ಎಲ್ಲೋ ಓದಿದ್ದಾರೆ. ಇದು ನಿಜವೇ? 'ಅಸಲಿ' ಉದ್ದ ಟುಟು ಹಾಕಿಸಿ ಎಂದು ಟೀಚರನ್ನು ಕೇಳಬಹುದೇ? ಇನ್ನೊಂದು, ನಾನು ಭರತನಾಟ್ಯ ಕಲಿತವಳು. 'ಲಾ ಬಯಾದೇರ್' ಎಂಬ ಬ್ಯಾಲೆಯಲ್ಲಿ ನಮ್ಮ ದೇವಾಲಯದ ನರ್ತಕಿಯರಿಗೂ ಟುಟು ಹಾಕಿಸಿದ್ದು ನೋಡಿ ಮುಜುಗರವಾಯಿತು. ಕೊನೆಯದಾಗಿ, ನಾನು ತರಿಸಿದ ಟುಟು ಮುದುಡಿದ ಕೊಡೆಯ ಹಾಗೆ ಜೋತು ಬಿದ್ದಿದೆ. ಅತ್ತೆಗೆ ಹೊಲಿಗೆ ಚೆನ್ನಾಗಿ ಬರುತ್ತದೆ, ಆದರೆ ಈ ವಿಷಯದಲ್ಲಿ ಅವರನ್ನು ಕೇಳಲು ಧೈರ್ಯವಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಹಲವು, ಒಳಗಿರುವ ಚಿಂತೆ ಒಂದೇ. ಮಗಳು ಇಷ್ಟಪಟ್ಟು ಕಲಿತ ಕಲೆಯ ಹೆಸರಿನಲ್ಲಿ, ಅವಳ ಮರ್ಯಾದೆಗೆ ಕುಂದು ತರುವಂಥದ್ದನ್ನು ನಾವೇ ತೊಡಿಸುತ್ತಿದ್ದೇವಾ ಎನ್ನುವುದು. ಇಪ್ಪತ್ತು ವರ್ಷದಿಂದ ಇಲ್ಲಿನ ರಂಗ ಉಡುಪಿನ ಕೋಣೆಗಳಲ್ಲಿ ಟುಟು ಹೊಲಿಯುತ್ತಾ ಬಂದಿದ್ದೇನೆ. ಈ ಪ್ರಶ್ನೆಯನ್ನು ನಮ್ಮವರು ಮಾತ್ರ ಕೇಳುವುದಲ್ಲ. ಬೇರೆ ಬೇರೆ ದೇಶಗಳಿಂದ ಬಂದ ಅಮ್ಮಂದಿರು, ಅಜ್ಜಿಯರು ಅಳತೆ ಕೊಡಲು ಬಂದಾಗ ದನಿ ತಗ್ಗಿಸಿ ಕೇಳಿದ್ದಾರೆ. ನಿಮ್ಮ ಅತ್ತೆಯವರ ಸಂಕಟವನ್ನು ಹಳೇ ಕಾಲದ ಮಾತು ಎಂದು ತಳ್ಳಿಹಾಕಬೇಡಿ. ಯಜಮಾನರು ಓದಿದ್ದರಲ್ಲೂ ಅರ್ಧ ಸತ್ಯ ಇದೆ. ಇನ್ನರ್ಧ ಬಟ್ಟೆಗೆ ಮತ್ತು ಕಾಲಿಗೆ ಸೇರಿದ್ದು. ಅದು ಗೊತ್ತಾದರೆ ನಿಮಗೆ ತೀರ್ಮಾನ ಮಾಡುವುದು ಸುಲಭವಾಗುತ್ತದೆ.

ಬ್ಯಾಲೆ ಶುರುವಾದಾಗ ಕಾಲು ತೋರಿಸುತ್ತಿದ್ದವರು ಗಂಡಸರು. ಫ್ರಾನ್ಸಿನ ರಾಜ 14ನೇ ಲೂಯಿ 1661ರಲ್ಲಿ ನೃತ್ಯ ಅಕಾಡೆಮಿ ಸ್ಥಾಪಿಸಿದ. ಅವನು ಸ್ವತಃ ನರ್ತಕ. ಅವನ ಹೆಸರಾಂತ ಭಾವಚಿತ್ರದಲ್ಲಿ ರೇಷ್ಮೆ ಕಾಲುಚೀಲ ಹಾಕಿದ ಕಾಲುಗಳು ಎದ್ದು ಕಾಣುತ್ತವೆ. ಪ್ಯಾರಿಸ್ ಆಪೆರಾ ಎಂಬ ರಂಗಸಂಸ್ಥೆಯ ರಂಗಕ್ಕೆ ವೃತ್ತಿ ನರ್ತಕಿಯರು ಬಂದದ್ದು 1681ರಲ್ಲಿ. ಅಲ್ಲಿಯವರೆಗೆ ಅಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು, ನಮ್ಮ ಯಕ್ಷಗಾನದ ಹಾಗೆ. ಹೆಂಗಸರು ಬಂದಾಗ ನೆಲ ಮುಟ್ಟುವ ಆಸ್ಥಾನದ ಉಡುಪಿನಲ್ಲೇ ಬಂದರು. ಗಂಡಸರಿಗೆ ಮಾತ್ರ 'ಟೊನೆಲೆ' ಎಂಬ ಉಡುಪಿತ್ತು. ಸೊಂಟದಿಂದ ಮೊಣಕಾಲಿನ ತನಕ ಬರುವ, ಒಳಗೆ ಬಳೆ ಕೊಟ್ಟು ಅಗಲ ಮಾಡಿದ, ಸೆಟೆದು ನಿಲ್ಲುವ ಲಂಗ ಅದು. ಅಂದರೆ ಬ್ಯಾಲೆಯಲ್ಲಿ ಗಿಡ್ಡ ಲಂಗದ ರೂಢಿ ಶುರುವಾದದ್ದು ಗಂಡಸರಿಂದ. ಅತ್ತೆಯವರಿಗೆ ಮೊದಲು ಇದನ್ನೇ ಹೇಳಿ.

ಹೆಂಗಸರ ಲಂಗ ಮೇಲೇರಿದ್ದು ಇಂಚು ಇಂಚಾಗಿ. 1726ರಲ್ಲಿ ಪ್ಯಾರಿಸ್ ಆಪೆರಾಗೆ ಬಂದ ಮರಿ ಕಾಮಾರ್ಗೋ ಎಂಬಾಕೆ ಗಂಡಸರಷ್ಟೇ ಚುರುಕಾಗಿ ಜಿಗಿಯುತ್ತಿದ್ದಳು. ಗಾಳಿಯಲ್ಲಿದ್ದಾಗಲೇ ಪಾದಗಳನ್ನು ಅಡ್ಡ ದಾಟಿಸಿ ಇಳಿಯುವ ಜಿಗಿತ ಅದು. ನೆಲ ಗುಡಿಸುವ ಲಂಗದೊಳಗೆ ಅದನ್ನು ಮಾಡಿ ಏನು ಪ್ರಯೋಜನ? ಯಾರಿಗೂ ಕಾಣುವುದಿಲ್ಲ. ಅವಳು ಲಂಗವನ್ನು ಕಣಕಾಲು ಕಾಣುವಷ್ಟು ಎತ್ತಿಸಿಕೊಂಡಳು. ನೀವು ಭರತನಾಟ್ಯ ಕಲಿತವರು. ಅರಮಂಡಿ ಕಾಣದಂಥ ಉಡುಪು ಹಾಕಿ ಅಡವು ಮಾಡಿ ಎಂದರೆ ನಿಮಗೆ ಹೇಗನ್ನಿಸುತ್ತದೆ? ನಿಮ್ಮ ಉಡುಪಿನ ಮುಂದೆ ಬೀಸಣಿಗೆ ನೆರಿಗೆ ಇಟ್ಟಿರುವುದು ಸುಮ್ನೆ ಅಂದಕ್ಕಲ್ಲ ಅಲ್ವಾ? ಮಂಡಿ ಬಾಗಿದಾಗ ಅದು ಬಿಚ್ಚಿಕೊಂಡು ಆ ಭಂಗಿಯನ್ನು ತೋರಿಸುತ್ತದೆ. ಕಾಮಾರ್ಗೋಳ ಕಣಕಾಲಿನ ಹಿಂದಿರುವುದೂ ಅದೇ ಲೆಕ್ಕ.

ಈಗ ನಿಮ್ಮ 'ಅಸಲಿ' ಉದ್ದ ಟುಟುವಿಗೆ ಬರುತ್ತೇನೆ. 1832ರ ಮಾರ್ಚ್ 12ರಂದು ಪ್ಯಾರಿಸ್ ಆಪೆರಾದಲ್ಲಿ 'ಲಾ ಸಿಲ್ಫೀಡ್' ಮೊದಲ ಪ್ರದರ್ಶನ ಕಂಡಿತು. ನೃತ್ಯ ಸಂಯೋಜಿಸಿದವನು ಫಿಲಿಪ್ಪೋ ತಾಲ್ಯೋನಿ, ಕುಣಿದವಳು ಅವನ ಮಗಳು ಮರಿ ತಾಲ್ಯೋನಿ. ಗಂಟೆಯಾಕಾರದ ಬಿಳಿ ಲಂಗ, ಮೊಣಕಾಲಿಗೂ ಕಣಕಾಲಿಗೂ ನಡುವೆ ನಿಲ್ಲುವಷ್ಟು ಉದ್ದ, ಮೇಲೆ ಬಿಗಿಯಾದ ರವಿಕೆ. ಇವತ್ತು ನಾವು 'ರೊಮ್ಯಾಂಟಿಕ್ ಟುಟು' ಅನ್ನುವುದು ಇದರ ವಂಶವನ್ನೇ. ಇದು ಆಕಾಶದಿಂದ ಇಳಿದು ಬಂದ ಪವಿತ್ರ ಉಡುಪಲ್ಲ. ಆ ಕಾಲದ ಪ್ಯಾರಿಸ್ ಹೆಂಗಸರು ಹಬ್ಬ ಹರಿದಿನಕ್ಕೆ ಹಾಕುತ್ತಿದ್ದ ಗೌನನ್ನೇ ಸ್ವಲ್ಪ ಗಿಡ್ಡ ಮಾಡಿ, ಬಣ್ಣ ತೆಗೆದು, ತೆಳುವಾದ ಬಟ್ಟೆಯಲ್ಲಿ ಹೊಲಿದದ್ದು. ಇವತ್ತಿನ ಟುಟು ರವಿಕೆಯ ಮುಂಭಾಗ ಹೊಟ್ಟೆಯ ಮೇಲೆ ಚೂಪಾಗಿ ಇಳಿಯುತ್ತದೆ, ಗಮನಿಸಿದ್ದೀರಾ? ಅದು ಹತ್ತೊಂಬತ್ತನೇ ಶತಮಾನದ ಆ ಗೌನುಗಳ ನೆನಪು.

ಅಂದು ಜನರನ್ನು ಬೆರಗುಗೊಳಿಸಿದ್ದು ಬಟ್ಟೆ ಮತ್ತು ಬೆಳಕಿನ ಜೋಡಿ. ಪ್ಯಾರಿಸ್ ಆಪೆರಾಗೆ ಗ್ಯಾಸ್ ದೀಪ ಬಂದು ಆಗ ಹತ್ತು ವರ್ಷವಾಗಿತ್ತು. ಪದರ ಪದರವಾದ ಬಿಳಿ ಮಸ್ಲಿನ್ ಮೇಲೆ ಆ ಮಂದ ಬೆಳಕು ಬಿದ್ದರೆ ಲಂಗ ಮಂಜಿನ ಹಾಗೆ ಕಾಣುತ್ತಿತ್ತು. ಮಸ್ಲಿನ್ ಎಂಬ ಹೆಸರು ಇರಾಕಿನ ಮೋಸುಲ್ ಊರಿನಿಂದ ಬಂದದ್ದು. ಆದರೆ ಆ ಬಟ್ಟೆಯ ಹುಚ್ಚನ್ನು ಯುರೋಪಿಗೆ ಹಿಡಿಸಿದವರು ಢಾಕಾ ಸುತ್ತಲಿನ ಬಂಗಾಳಿ ನೇಕಾರರು. ತಾಲ್ಯೋನಿಯ ಕಾಲಕ್ಕೆ ಯುರೋಪಿನ ಗಿರಣಿಗಳು ಆ ಮಾರುಕಟ್ಟೆಯನ್ನು ಕಸಿದುಕೊಂಡಿದ್ದವು. ಬಿಳಿ ಲಂಗದ ಚರಿತ್ರೆಯಲ್ಲಿ ನಮ್ಮ ಕಡೆಯ ಕೈಗಳೂ ಇವೆ ಎಂದು ನೆನೆದಾಗ ನನಗೆ ಹೆಮ್ಮೆಯೂ ನೋವೂ ಒಟ್ಟಿಗೆ ಆಗುತ್ತದೆ.

ಇನ್ನು ಯಜಮಾನರ ಅರ್ಧ ಸತ್ಯ. ಇದನ್ನು ಮುಚ್ಚಿಡಬಾರದು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ಆಪೆರಾದಲ್ಲಿ ವರ್ಷದ ಚಂದಾ ಕಟ್ಟಿದ ಶ್ರೀಮಂತರಿಗೆ ರಂಗದ ಹಿಂದಿನ ಕೋಣೆಗೆ ಹೋಗಲು ಬಿಡುತ್ತಿದ್ದರು. ನರ್ತಕಿಯರು ಅಲ್ಲೇ ಮೈ ಸಡಿಲಿಸಿಕೊಳ್ಳುತ್ತಿದ್ದರು. ಅವರಲ್ಲಿ ಎಷ್ಟೋ ಜನ ಬಡವರ ಮಕ್ಕಳು. ಚಿಕ್ಕ ಹುಡುಗಿಯರನ್ನು 'ಪುಟ್ಟ ಇಲಿಗಳು' ಎಂದು ಕರೆಯುತ್ತಿದ್ದರು. ಆ ಕೋಣೆಯಲ್ಲಿ ಏನೇನು ವ್ಯವಹಾರ ನಡೆಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಗಂಡಸರ ದರ್ಪ ಎಷ್ಟಿತ್ತೆಂದರೆ, 1861ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರ್ ತನ್ನ ಆಪೆರಾದಲ್ಲಿ, ಅಂದರೆ ಸಂಗೀತ ನಾಟಕದಲ್ಲಿ, ಬ್ಯಾಲೆಯನ್ನು ಎರಡನೇ ಅಂಕದ ಬದಲು ಮೊದಲನೇ ಅಂಕದಲ್ಲೇ ಇಟ್ಟ. ಈ ಶ್ರೀಮಂತರ ಕೂಟವಾದ ಜಾಕಿ ಕ್ಲಬ್ಬಿನವರು ಊಟ ಮುಗಿಸಿ ತಡವಾಗಿ ಬರುವವರು. ಅವರು ಸೀಟಿ ಹೊಡೆದು, ಗಲಾಟೆ ಮಾಡಿ ಮೂರೇ ಪ್ರದರ್ಶನಕ್ಕೆ ಅದು ನಿಲ್ಲುವಂತೆ ಮಾಡಿದರು. ಆ ಕಾಲದ ಫ್ರೆಂಚ್ ಚಿತ್ರಕಾರ ದೆಗಾನ ಚಿತ್ರಗಳಲ್ಲಿ ರಂಗದ ಪಕ್ಕ ಕಪ್ಪು ಕೋಟಿನ ಗಂಡಸರು ನಿಂತಿರುತ್ತಾರಲ್ಲ, ಅವರು ಇವರೇ.

'ಟುಟು' ಎಂಬ ಹೆಸರೂ ಅಂಥ ಕಡೆಯಿಂದಲೇ ಬಂದದ್ದು. ಫ್ರೆಂಚಿನಲ್ಲಿ ಕುಂಡಿಗೆ ಇರುವ ಒರಟು ಪದವನ್ನು ಮಕ್ಕಳ ಮಾತಿನಲ್ಲಿ ಮುದ್ದಾಗಿ ಎರಡು ಸಲ ಹೇಳಿದಾಗ ಹುಟ್ಟಿದ್ದು ಎಂದು ನಿಘಂಟುಗಳು ಹೇಳುತ್ತವೆ. ಬರಹದಲ್ಲಿ ಕಾಣಿಸಿಕೊಂಡದ್ದು 1881ರಲ್ಲಿ. ತಾಲ್ಯೋನಿ ಕುಣಿದು ಆಗಲೇ ಅರ್ಧ ಶತಮಾನ ಕಳೆದಿತ್ತು. 'ಟ್ಯೂಲ್' ಎಂಬ ಬಲೆ ಬಟ್ಟೆಯಿಂದ ಟುಟು ಬಂತು ಎಂದೂ ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಮೊದಲನೆಯ ವಿವರಣೆಗೇ ಬಲ ಜಾಸ್ತಿ.

ಇಷ್ಟೆಲ್ಲಾ ನಿಜ. ಆದರೆ ಲಂಗ ಮೊಣಕಾಲು ದಾಟಿ ಮೇಲೇರಿದ್ದು ಆ ಶ್ರೀಮಂತರ ಪ್ಯಾರಿಸ್ಸಿನಲ್ಲಿ ಅಲ್ಲ. ದೆಗಾನ ಚಿತ್ರಗಳನ್ನೇ ತೆಗೆದು ನೋಡಿ. ಅಷ್ಟು ಕಣ್ಣುಗಳ ನಡುವೆಯೂ ಅವರ ಲಂಗ ಮೊಣಕಾಲಿನ ಆಸುಪಾಸಿನಲ್ಲೇ ಇದೆ. ಮೇಲೇರಿಸಿದವರು ಇಟಲಿಯಲ್ಲಿ ಕಲಿತ ನರ್ತಕಿಯರು, ಏರಿಸಿದ ಜಾಗ ರಷ್ಯಾ. 1885ರಲ್ಲಿ ವರ್ಜೀನಿಯಾ ಝುಕ್ಕಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದಾಗ, ಅಲ್ಲಿನ ನಿಯಮದ ಉದ್ದ ಲಂಗ ತನಗೆ ಬೇಡ ಎಂದು ಹಟ ಹಿಡಿದು ಗಿಡ್ಡ ಮಾಡಿಸಿಕೊಂಡಳು. 1893ರಲ್ಲಿ ಪಿಯರೀನಾ ಲೆನ್ಯಾನಿ ಅದೇ ಊರಿನಲ್ಲಿ ಒಂದೇ ಕಾಲಿನ ತುದಿಯಲ್ಲಿ ನಿಂತು, ಇನ್ನೊಂದು ಕಾಲನ್ನು ಬೀಸಿ ಬೀಸಿ 32 ಸುತ್ತು ತಿರುಗಿದಳು. ಆ ಬೀಸುವ ಕಾಲಿಗೆ ಉದ್ದ ಲಂಗ ಸುತ್ತಿಕೊಂಡರೆ ನರ್ತಕಿ ಬೀಳುತ್ತಾಳೆ. ಗಿಡ್ಡ ಲಂಗವನ್ನು ಆ ಹೆಂಗಸರು ತಮ್ಮ ಕೆಲಸಕ್ಕಾಗಿ ಕೇಳಿ ಪಡೆದರು. ನೋಡುವವರ ಕಣ್ಣು ಎಲ್ಲ ಕಾಲಕ್ಕೂ ಇತ್ತು, ಇದೆ. ಆದರೆ ಕತ್ತರಿಯನ್ನು ಎಲ್ಲಿಗೆ ಇಡಬೇಕು ಎಂದು ಹೇಳಿದ್ದು ಕಾಲಿನ ಕೆಲಸ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಬಿಡೋಣ. 'ಸ್ಲೀಪಿಂಗ್ ಬ್ಯೂಟಿ' 1890ರದ್ದು, ಇವತ್ತು ಎಲ್ಲರೂ ನೋಡುವ 'ಸ್ವಾನ್ ಲೇಕ್' 1895ರದ್ದು. ಆಗಿನಿಂದಲೂ ತಟ್ಟೆಯಂಥ ಟುಟು ಇತ್ತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇರಲಿಲ್ಲ. ಆ ಕಾಲದ ಫೋಟೋಗಳಲ್ಲಿ ಲಂಗ ಕವುಚಿದ ಬಟ್ಟಲಿನ ಹಾಗೆ ಇಳಿದು ಮೊಣಕಾಲಿಗಿಂತ ತುಸು ಮೇಲಷ್ಟೇ ನಿಲ್ಲುತ್ತದೆ. 'ಸ್ವಾನ್ ಲೇಕ್'ನ ಕರಿ ಹಂಸದ ಪಾತ್ರಕ್ಕೆ ಕಪ್ಪು ಟುಟು ಹಾಕಿಸುವ ರೂಢಿ ಕೂಡ ಇಪ್ಪತ್ತನೇ ಶತಮಾನದ್ದು. 2015ರಲ್ಲಿ ಅಲೆಕ್ಸೇ ರಾಟ್‌ಮಾನ್ಸ್‌ಕಿ ಅಮೆರಿಕನ್ ಬ್ಯಾಲೆ ಥಿಯೇಟರಿಗಾಗಿ ಹಳೆಯ ಟಿಪ್ಪಣಿಗಳನ್ನು ಓದಿ 'ಸ್ಲೀಪಿಂಗ್ ಬ್ಯೂಟಿ'ಯನ್ನು ಮತ್ತೆ ಕಟ್ಟಿದ. ಅಲ್ಲಿ ಲಂಗ ಉದ್ದವಾಯಿತು, ಜೊತೆಗೆ ಕಾಲು ಎತ್ತುವ ಎತ್ತರವೂ ಕಡಿಮೆಯಾಯಿತು. ಲಂಗ ಗಿಡ್ಡವಾದಷ್ಟೂ ಕಾಲು ಮೇಲೇರಿದೆ, ಕಾಲು ಮೇಲೇರಿದಷ್ಟೂ ಲಂಗ ಗಿಡ್ಡವಾಗಿದೆ. ಯಾವುದು ಮೊದಲು ಎಂದು ಬಿಡಿಸುವುದು ಕಷ್ಟ.

ತಟ್ಟೆ ಟುಟು ಬರಲು ತಡವಾದದ್ದಕ್ಕೆ ಸರಳ ಕಾರಣ ಇದೆ. ಬಟ್ಟೆ ನಿಲ್ಲುತ್ತಿರಲಿಲ್ಲ. ಆಗ ಬಳಸುತ್ತಿದ್ದದ್ದು ಟಾರ್ಲಟನ್, ಅಂದರೆ ಗಂಜಿ ಹಾಕಿದ ವಿರಳ ನೇಯ್ಗೆಯ ಹತ್ತಿ ಬಟ್ಟೆ. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟವರಿಗೆ ಗೊತ್ತು. ಬೆಳಿಗ್ಗೆ ಗರಿ ಗರಿ, ಸಂಜೆಗೆ ಬೆವರಿಗೆ ಜೋತು ಬೀಳುತ್ತದೆ. ಟಾರ್ಲಟನ್ ಪಾಡೂ ಅದೇ. ಎರಡನೇ ಮಹಾಯುದ್ಧದ ನಂತರ ನೈಲಾನ್ ನೆಟ್ ಕೈಗೆ ಸಿಕ್ಕಿತು. ಬೆವರು ಹೀರದ, ತಾನಾಗಿಯೇ ಸೆಟೆದು ನಿಲ್ಲುವ ಹಗುರ ಬಲೆ. ಒಂದು ಪದರದೊಳಗೆ ತೆಳು ಉಕ್ಕಿನ ಬಳೆ ಸೇರಿಸಿದರೆ ನೆಲಕ್ಕೆ ಸಮಾನಾಂತರವಾಗಿ ತಟ್ಟೆ ನಿಂತಿತು. ನೀವು ಟಿವಿಯಲ್ಲಿ ನೋಡುವ 'ಪ್ಯಾನ್‌ಕೇಕ್ ಟುಟು' ಇದು.

ಎಲ್ಲರೂ ಇದನ್ನು ಒಪ್ಪಲಿಲ್ಲ. ನ್ಯೂಯಾರ್ಕ್ ಸಿಟಿ ಬ್ಯಾಲೆಗೆ ಉಡುಪು ಮಾಡುತ್ತಿದ್ದ ಬಾರ್ಬರಾ ಕರೀನ್ಸ್‌ಕಾಳನ್ನು ನನ್ನ ಮಾನಸ ಗುರು ಅಂತಲೇ ಅಂದುಕೊಂಡಿದ್ದೇನೆ. ಖಾರ್ಕಿವ್‌ನಲ್ಲಿ ಹುಟ್ಟಿದವಳು. ಬಾಲಂಚಿನ್ ಸಂಯೋಜಿಸಿದ 'ಸಿಂಫನಿ ಇನ್ ಸಿ' ಕೊನೆಯಲ್ಲಿ ರಂಗದ ತುಂಬಾ ನರ್ತಕಿಯರು. ಬಳೆ ಹಾಕಿದ ತಟ್ಟೆಗಳು ಒಂದಕ್ಕೊಂದು ಬಡಿದು ಏರಿಳಿಯುತ್ತಿದ್ದವು. 1950ರಲ್ಲಿ ಅವಳು ಬಳೆಯನ್ನೇ ತೆಗೆದುಹಾಕಿದಳು. ಪದರಗಳನ್ನು ಕಡಿಮೆ ಮಾಡಿ, ಒಂದರ ಮೇಲೊಂದು ಸಡಿಲವಾಗಿ ಕೂರಿಸಿದಳು. ಪೌಡರ್ ಪಫ್‌ನಂತೆ ಮೆತ್ತಗೆ ಉಬ್ಬಿ ನಿಲ್ಲುವ ಟುಟು ಹುಟ್ಟಿತು. ರವಿಕೆಯ ಪಕ್ಕದ ಭಾಗಗಳನ್ನು ಅವಳು ಕ್ರಾಸ್ ಕಟ್ ಮಾಡುತ್ತಿದ್ದಳು. ಬಟ್ಟೆ ಓರೆಯಾಗಿ ಹಿಗ್ಗುವುದರಿಂದ ನರ್ತಕಿಗೆ ಉಸಿರಾಡಲು ಜಾಗ ಸಿಗುತ್ತದೆ. ಒಳ್ಳೆಯ ಬ್ಲೌಸ್ ಹೊಲಿಯುವ ನಮ್ಮೂರಿನ ಟೈಲರ್‌ಗಳಿಗೆ ಈ ಗುಟ್ಟು ಗೊತ್ತೇ ಇದೆ. ಬಾಲಂಚಿನ್ ತನ್ನ ಬ್ಯಾಲೆಗಳ ಯಶಸ್ಸಿನಲ್ಲಿ ಅರ್ಧ ಪಾಲನ್ನು ಅವಳ ಉಡುಪಿಗೆ ಕೊಟ್ಟಿದ್ದ. ಅದೇ ಬಾಲಂಚಿನ್ 1957ರ 'ಅಗೋನ್'ನಲ್ಲಿ ಟುಟುವನ್ನೇ ಬಿಟ್ಟು ಅಭ್ಯಾಸಕ್ಕೆ ಹಾಕುವ, ಮೈಗಂಟುವ ಲಿಯೊಟಾರ್ಡಿನಲ್ಲಿ ಕುಣಿಸಿದ. 1996ರಲ್ಲಿ ವಿಲಿಯಂ ಫೋರ್ಸೈತ್‌ನ ಒಂದು ಬ್ಯಾಲೆಗೆ ಸ್ಟೀಫನ್ ಗ್ಯಾಲೋವೇ ಒಂದೇ ಪದರದ, ಹಸಿರು ಬಿಲ್ಲೆಯಂಥ ಟುಟು ಮಾಡಿದ. ಟುಟು ಇಂದಿಗೂ ಒಂದು ಕಡೆ ನಿಂತಿಲ್ಲ. ಹಾಗಾಗಿ 'ಅಸಲಿ' ಯಾವುದು ಎನ್ನುವ ಪ್ರಶ್ನೆಗೆ ನನ್ನ ಉತ್ತರ: ಆಯಾ ನೃತ್ಯಕ್ಕೆ ಒಪ್ಪುವುದು ಅಸಲಿ.

'ಲಾ ಬಯಾದೇರ್' ಬಗ್ಗೆ ನಿಮಗಾದ ಮುಜುಗರ ನನಗೂ ಆಗಿದೆ. 1877ರಲ್ಲಿ ನೃತ್ಯ ಸಂಯೋಜಕ ಪೆಟಿಪಾ ಅದನ್ನು ರಷ್ಯಾದಲ್ಲಿ ಮಾಡಿದಾಗ ಅವನು ಭಾರತ ನೋಡಿದವನಲ್ಲ. ವಿಚಿತ್ರ ಏನೆಂದರೆ, ಅದಕ್ಕೂ ಮೊದಲೇ, 1838ರಲ್ಲಿ, ಪಾಂಡಿಚೇರಿ ಹತ್ತಿರದ ತಿರುವೆಂದಿಪುರಂನಿಂದ ನಿಜವಾದ ದೇವದಾಸಿಯರು ಪ್ಯಾರಿಸ್ಸಿಗೆ ಹೋಗಿ ಕುಣಿದಿದ್ದರು. ಅವರಲ್ಲಿ ಅಮ್ಮಣಿ ಎಂಬಾಕೆಯನ್ನು ಶಿಲ್ಪಿಯೊಬ್ಬ ಕಂಚಿನಲ್ಲೂ ಮೂಡಿಸಿದ. ಯುರೋಪು ಅವರ ಉಡುಪನ್ನು ಕಣ್ಣಾರೆ ಕಂಡಿತ್ತು. ಆದರೂ ರಂಗದ ಮೇಲೆ ತನ್ನ ಲಂಗವನ್ನೇ ಹಾಕಿತು. ಒಂದು ಮಾತ್ರ ಹೇಳಬೇಕು. ಅದರ 'ನೆರಳುಗಳ ಲೋಕ'ದ ದೃಶ್ಯದಲ್ಲಿ ಬಿಳಿ ಟುಟು ಹಾಕಿ ಒಬ್ಬೊಬ್ಬರಾಗಿ ಇಳಿದು ಬರುವವರು ಸತ್ತವರ ನೆರಳುಗಳು. ಅಲ್ಲಿ ಆ ಬಿಳಿ ಒಪ್ಪುತ್ತದೆ, ನೋಡುವಾಗ ಮೈ ಜುಮ್ಮೆನ್ನುತ್ತದೆ. ದೇವಾಲಯದ ದೃಶ್ಯಗಳ ಮಿನುಗು ಉಡುಪು ನೋಡಿದಾಗ ಮಾತ್ರ ಬೇಸರವಾಗುವುದು ನ್ಯಾಯ. ಬ್ಯಾಲೆಗೂ ನಮಗೂ ಇರುವ ಇನ್ನೊಂದು ನಂಟು ಇದಕ್ಕಿಂತ ಚೆನ್ನಾಗಿದೆ. 'ಸಾಯುವ ಹಂಸ' ಕುಣಿದ ಆನಾ ಪಾವ್ಲೋವಾಳ ಸ್ನೇಹ ರುಕ್ಮಿಣಿದೇವಿ ಅರುಂಡೇಲ್ ಅವರಿಗೆ ಸಿಕ್ಕಿತ್ತು. ರುಕ್ಮಿಣಿದೇವಿ ಅವಳ ತಂಡದ ನರ್ತಕಿಯ ಹತ್ತಿರ ಬ್ಯಾಲೆ ಕಲಿತರು. ನಿಮ್ಮ ನೆಲದ ನೃತ್ಯದ ಕಡೆ ನೋಡಿ ಎಂದು ಅವರಿಗೆ ಹೇಳಿದವಳು ಪಾವ್ಲೋವಾ. 1936ರಲ್ಲಿ ಅವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾಯಿತು. ನಿಮ್ಮ ಭರತನಾಟ್ಯಕ್ಕೂ ಮಗಳ ಬ್ಯಾಲೆಗೂ ನಡುವೆ ಒಂದು ದಾರಿ ಆಗಲೇ ಇದೆ.

ಈಗ ಮಗಳ ವಿಷಯ. ಅತ್ತೆಯವರಿಗೆ ಬಹುಶಃ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಟುಟು ಅಂದರೆ ಬರೀ ಲಂಗವಲ್ಲ. ಅದರ ಅಡಿಪಾಯ ಒಂದು ಚಡ್ಡಿ. ನೆಟ್ಟಿನ ಪದರಗಳನ್ನು ಸಾಲು ಸಾಲಾಗಿ ಆ ಚಡ್ಡಿಯ ಮೇಲೇ ಹೊಲಿದಿರುತ್ತೇವೆ. ಕಾಲೆತ್ತಿದಾಗ ಕಾಣುವುದು ಒಳ ಉಡುಪಲ್ಲ, ಉಡುಪಿನದ್ದೇ ಒಂದು ಭಾಗ. ಅದರ ಕೆಳಗೆ ದಪ್ಪ ಟೈಟ್ಸ್ ಇರುತ್ತದೆ. ಕಚ್ಚೆ ಹಾಕಿ ಉಟ್ಟಷ್ಟೇ ಭದ್ರ. ಸುಮಾರು ಅಜ್ಜಿಯರಿಗೆ ನಾನು ಟುಟುವನ್ನು ಕೈಗೆ ಕೊಟ್ಟು, ತಿರುಗಿಸಿ ನೋಡಿ ಅನ್ನುತ್ತೇನೆ. ಮುಟ್ಟಿ ನೋಡಿದ ಮೇಲೆ ಅರ್ಧ ಆತಂಕ ಇಳಿಯುತ್ತದೆ.

ಉದ್ದ ಟುಟು ಕೇಳಬಹುದಾ? ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಈ ನೃತ್ಯಕ್ಕೆ ಅದನ್ನು ನಾನು ಹೇಳುವುದಿಲ್ಲ. ಹಾಡುಹಕ್ಕಿ ಕಿನ್ನರಿಯದ್ದು ಬಹಳ ಚಿಕ್ಕ, ಬಹಳ ಚುರುಕಾದ ನೃತ್ಯ. ಪುಟ್ಟ ಪುಟ್ಟ ಹೆಜ್ಜೆ, ರೆಕ್ಕೆ ಬಡಿದಂಥ ಕೈ. ಕಣಕಾಲಿನ ತನಕ ಬರುವ ಲಂಗ ಆ ಹೆಜ್ಜೆಗಳನ್ನು ನುಂಗಿಬಿಡುತ್ತದೆ. ಹುಡುಗಿ ತಿಂಗಳುಗಟ್ಟಲೆ ತಿದ್ದಿಕೊಂಡದ್ದು ಯಾರಿಗೂ ಕಾಣುವುದಿಲ್ಲ. ಅಷ್ಟೇ ಅಲ್ಲ, ಗಿಡ್ಡ ಲಂಗದಲ್ಲಿ ಅಭ್ಯಾಸ ಮಾಡಿ ಕೊನೆಯ ವಾರ ಉದ್ದದ್ದು ಹಾಕಿದರೆ ಕಾಲಿಗೆ ಸಿಕ್ಕಿ ಎಡವುವ ಭಯವೂ ಇದೆ. 'ಜಿಸೆಲ್' ಥರದ ನಿಧಾನ ನೃತ್ಯ ಆಗಿದ್ದರೆ ನಾನೇ ಉದ್ದದ್ದನ್ನು ಹೇಳುತ್ತಿದ್ದೆ.

ನಿಮ್ಮ ಮನೆಗೆ ಒಪ್ಪುವ ನಡುದಾರಿ 'ಬೆಲ್ ಟುಟು'. ತಟ್ಟೆಯಂತೆ ಚಪ್ಪಟೆ ನಿಲ್ಲುವುದಿಲ್ಲ, ಗಂಟೆಯಂತೆ ಬಾಗಿ ತೊಡೆಯ ನಡುವಿನ ತನಕ ಇಳಿಯುತ್ತದೆ. 1890ರ ಆ ಕಿನ್ನರಿಯರು ಹಾಕಿದ್ದಕ್ಕೆ ಇದೇ ಹತ್ತಿರ. ಹಾಗಾಗಿ ಟೀಚರ್ ಹತ್ತಿರ ಮಾತಾಡುವಾಗ ನಾಚಿಕೆಯ ಪ್ರಶ್ನೆ ಎತ್ತಲೇಬೇಕಿಲ್ಲ. ಬೆಲ್ ಆಕಾರ ಆದರೆ ಪರವಾಗಿಲ್ಲವಾ ಎಂದು ಕೇಳಿ ಸಾಕು. ಒಂದು ತೊಡಕು ಇದೆ. ಅವಳ ಪಕ್ಕ ಉಳಿದ ಐದು ಕಿನ್ನರಿಯರೂ ತಟ್ಟೆ ಹಾಕಿ ನಿಂತರೆ ಅವಳೊಬ್ಬಳೇ ಬೇರೆಯಾಗಿ ಕಾಣುತ್ತಾಳೆ. ಈ ವಯಸ್ಸಿನಲ್ಲಿ ಅದು ಗಿಡ್ಡ ಲಂಗಕ್ಕಿಂತ ಜಾಸ್ತಿ ನೋಯಿಸಬಹುದು. ದಯವಿಟ್ಟು ಮೊದಲು ಅವಳನ್ನೇ ಕೇಳಿ. ಅವಳಿಗೆ ಒಳಗೊಳಗೇ ಮುಜುಗರ ಇದ್ದರೆ ಅದನ್ನು ಗೌರವಿಸಿ. ಇಲ್ಲದಿದ್ದರೆ ನಾವು ತಂದು ಹಾಕಬಾರದು.

ತಟ್ಟೆಯೇ ಆಗಲಿ ಎಂದಾದರೆ ಚಿಕ್ಕ ತಟ್ಟೆ ಸಾಕು. ದೊಡ್ಡವರಿಗೆ ಸೊಂಟದಿಂದ ಅಂಚಿಗೆ 35ರಿಂದ 40 ಸೆಂ.ಮೀ. ಇಡುತ್ತೇವೆ. ನಿಮ್ಮ ಮಗಳಿಗೆ 28ರಿಂದ 30 ಹಿಡಿಸೀತು. ಇದಕ್ಕಿಂತ ಅಗಲವಾದರೆ ತನ್ನ ಪಾದ ತನಗೇ ಕಾಣದೆ ತಡಬಡಿಸುತ್ತಾಳೆ. ಒಂದೇ ಸಲದ ಪ್ರದರ್ಶನಕ್ಕೆ ಹೊಸದಾಗಿ ಹೊಲಿಸಬೇಡಿ. ಸರಿಯಾದ ಟುಟುವಿಗೆ 10 ಮೀಟರಿಗೂ ಹೆಚ್ಚು ನೆಟ್, ವಾರಗಟ್ಟಲೆ ಕೈಕೆಲಸ ಬೇಕು. ಖರ್ಚು ನೂರಾರು ಪೌಂಡ್ ಆಗುತ್ತದೆ, ಮುಂದಿನ ವರ್ಷಕ್ಕೆ ಅವಳು ಬೆಳೆದಿರುತ್ತಾಳೆ. ಬಾಡಿಗೆಗೆ ತನ್ನಿ. ಬೆನ್ನಿನಲ್ಲಿ ಎರಡು ಮೂರು ಸಾಲು ಹುಕ್ಕಿನ ಪಟ್ಟಿ ಇರುವುದನ್ನೇ ಆರಿಸಿ, ಬಿಗಿ ಸಡಿಲ ಮಾಡಿಕೊಳ್ಳಬಹುದು. ಟೈಟ್ಸ್ ಗುಲಾಬಿ ಬಣ್ಣದ್ದೇ ಆಗಬೇಕೆಂದಿಲ್ಲ. 1970ರ ದಶಕದಲ್ಲೇ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತನ್ನ ನರ್ತಕಿಯರಿಗೆ ಅವರವರ ಮೈಬಣ್ಣದ ಟೈಟ್ಸ್, ಶೂ ಹಾಕಿಸಿತು. ಈಗ ಕಂದು ಛಾಯೆಗಳು ಅಂಗಡಿಯಲ್ಲೇ ಸಿಗುತ್ತವೆ. ಮಗಳ ಬಣ್ಣಕ್ಕೆ ಹೊಂದುವುದು ಕೇಳಿ, ಸಂಕೋಚ ಬೇಡ.

ಒಂದು ಎಚ್ಚರಿಕೆಯನ್ನು ನಾನು ಯಾವ ಮನೆಗೂ ಹೇಳದೆ ಬಿಡುವುದಿಲ್ಲ. 'ಲಾ ಸಿಲ್ಫೀಡ್' ಕುಣಿದ ತಾಲ್ಯೋನಿಗೆ ಎಮ್ಮಾ ಲಿವ್ರಿ ಎಂಬ ಶಿಷ್ಯೆ ಇದ್ದಳು. ಬೆಂಕಿ ತಾಗದಂತೆ ರಾಸಾಯನಿಕದಲ್ಲಿ ಅದ್ದಿದ ಲಂಗ ಹಾಕಬೇಕೆಂದು ಆಗಲೇ ಆದೇಶ ಇತ್ತು. ಅದ್ದಿದ ಬಟ್ಟೆ ಮಂಕಾಗಿ, ಬಿರುಸಾಗಿ ಬರುತ್ತದೆಂದು ಅವಳು ಒಪ್ಪಲಿಲ್ಲ. 1862ರ ನವೆಂಬರಿನಲ್ಲಿ ತಾಲೀಮಿನ ಹೊತ್ತಿಗೆ ಗ್ಯಾಸ್ ದೀಪದಿಂದ ಅವಳ ಲಂಗಕ್ಕೆ ಕಿಡಿ ತಾಗಿತು. ಎಂಟು ತಿಂಗಳು ನರಳಿ ತೀರಿಕೊಂಡಳು. ಅವಳಿಗಾಗ ಇಪ್ಪತ್ತರ ವಯಸ್ಸು. ಇವತ್ತಿನ ನೈಲಾನ್ ನೆಟ್ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಸಿಂಗರಿಸಿ, ದೇವರಿಗೆ ನಮಸ್ಕಾರ ಮಾಡಿಸಿ ಕಳಿಸುವ ರೂಢಿ. ಟುಟುವಿನ ಅಂಚು ಎಲ್ಲಿದೆ ಎಂದು ಹಾಕಿಕೊಂಡವಳಿಗೆ ಗೊತ್ತಾಗುವುದಿಲ್ಲ. ನಮಸ್ಕಾರ ಮೊದಲೇ ಮಾಡಿಸಿ, ಟುಟು ಆಮೇಲೆ ಹಾಕಿಸಿ. ದೀಪದ ಮುಂದೆ ಫೋಟೋ ಬೇಡ.

ಜೋತು ಬಿದ್ದ ಟುಟುವನ್ನು ಎಸೆಯಬೇಡಿ, ಅಭ್ಯಾಸಕ್ಕೆ ಬರುತ್ತದೆ. ಒಳಗೆ ತಿರುಗಿಸಿ ನೋಡಿ. ಪದರಗಳೆಲ್ಲ ಸೊಂಟದ ಒಂದೇ ಹೊಲಿಗೆಯಿಂದ ಇಳಿದಿರುತ್ತವೆ. ಕಾಯಿಲೆ ಅಲ್ಲೇ ಇದೆ. ಒಳ್ಳೆಯ ಟುಟುವಿನಲ್ಲಿ ಕಾಲಿನ ಹತ್ತಿರ ಮೂರು ನಾಲ್ಕು ಸೆಂ.ಮೀ. ಅಗಲದ ನೆರಿಗೆ, ಅದರ ಮೇಲೆ ಇನ್ನಷ್ಟು ಅಗಲದ್ದು, ಹೀಗೆ ಹತ್ತು ಹನ್ನೆರಡು ಸಾಲು ಇರುತ್ತವೆ. ಕೆಳಗಿನ ಪುಟ್ಟ ನೆರಿಗೆ ಮೇಲಿನದಕ್ಕೆ ಊರುಗೋಲು. ನಿಮ್ಮದಕ್ಕೆ ಊರುಗೋಲೇ ಇಲ್ಲ. ಬಳೆಯ ಎರಡು ತುದಿ ಸೇರುವ ಜಾಗವನ್ನೂ ಮುಟ್ಟಿ ನೋಡಿ. ಚೂಪಾಗಿ ಹೊರಬಂದಿದ್ದರೆ ಬಳೆಯನ್ನು ತೆಗೆದುಬಿಡಿ.

ಇಲ್ಲಿ ಅತ್ತೆಯವರ ಸಹಾಯ ಕೇಳಿ. ಲೆಹೆಂಗಾ ಕೆಳಗೆ ಹಾಕುವ ಕ್ಯಾನ್‌ಕ್ಯಾನ್ ನೆಟ್ ಅವರಿಗೆ ಗೊತ್ತಿರುತ್ತದೆ. ಗಟ್ಟಿಯಾದದ್ದು ತಂದು 4, 7, 11 ಸೆಂ.ಮೀ. ಅಗಲದ ಮೂರು ಪಟ್ಟಿ ಕತ್ತರಿಸಿ, ಒತ್ತಾಗಿ ನೆರಿಗೆ ಹಿಡಿದು, ಚಡ್ಡಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಹೊಲಿಯಲಿ. ಆಮೇಲೆ ಎಲ್ಲ ಪದರಗಳನ್ನೂ ಒಂದಕ್ಕೊಂದು ಕೈಯಿಂದ ಟಾಕಿ ಹಾಕಬೇಕು. ಸೀರೆಗೆ ಫಾಲ್ ಹಚ್ಚುವ ಕೈ ಬೇಕು ಇದಕ್ಕೆ, ಮೆಷಿನ್ ಆಗುವುದಿಲ್ಲ. ದಾರವನ್ನು ಎಳೆದು ಬಿಗಿಯಬಾರದು. ಎರಡು ಪದರದ ನಡುವೆ ಬೆರಳು ತೂರುವಷ್ಟು ಸಡಿಲ ಬಿಟ್ಟು ಗಂಟು ಹಾಕಲಿ, ಇಲ್ಲದಿದ್ದರೆ ತಟ್ಟೆ ಅಲೆ ಅಲೆಯಾಗಿ ಸುಕ್ಕಾಗುತ್ತದೆ. ಇಸ್ತ್ರಿ ತಾಗಿಸಬೇಡಿ, ದೂರದಿಂದ ಹಬೆ ಕೊಡಿ. ಮುಗಿದ ಮೇಲೆ ತಲೆಕೆಳಗಾಗಿ ನೇತುಹಾಕಿ. ಎರಡು ದಿನ ಹಾಗೇ ಬಿಟ್ಟು, ಮಗಳಿಗೆ ತೊಡಿಸಿ, ಅತ್ತೆಯವರ ಮುಂದೆ ಒಂದು ಸಲ ಆ ಹಾಡುಹಕ್ಕಿಯನ್ನು ಪೂರ್ತಿ ಕುಣಿಸಿ.